ಕಪ್ಪು ಕಾಯಿ ಸೋಮಯ್ಯನದು

ಪಾಂಡವಪುರ
9 ಫೆಬ್ರವರಿ 2025

ಪ್ರೀತಿಯ ತಾಯಮ್ಮನಿಗೆ ನಿನ್ನ ದ್ಯಾವಮ್ಮನ ನಮಸ್ಕಾರಗಳು.

ನೀನು, ಸಹನ, ಅಳಿಯಂದಿರು, ಮೊಮ್ಮಗು ಎಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾಗಮಂಗಲದ ನೀರು ಈಗ ನಿನಗೆ ಒಗ್ಗಿರಬೇಕು. ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳು ಬೆಲ್ಲ ತಲುಪಿತು. ತಲುಪಿತು ಎಂದು ಹೇಳುವುದಕ್ಕೇ ಇಷ್ಟು ದಿನ ಮಾಡಿದೆ, ಬೈದುಕೊಳ್ಳಬೇಡ. ಫೋನು ಮಾಡಿದರೆ ದ್ಯಾವಮ್ಮ ಎರಡು ಮಾತಾಡಿ ಇಟ್ಟುಬಿಡುತ್ತಾಳೆ ಎಂದು ನಮ್ಮ ರಂಜಿತಳ ಹತ್ತಿರ ಬೇಜಾರು ಮಾಡಿಕೊಂಡೆಯಂತೆ. ಕಾರಣ ಇದೆ ಕಣೇ. ನಿನ್ನ ದನಿ ಕೇಳಿದರೆ ಸಾಕು, ಇವರು ಎದ್ದು ಬಂದು ನನ್ನ ಪಕ್ಕದಲ್ಲಿ ನಿಲ್ಲುತ್ತಾರೆ. "ಸೋಮನ್ ಮನೆಯೋರಾ? ಸೋಮಂಗ್ ಕೊಡು ಫೋನ" ಎನ್ನುತ್ತಾರೆ. ಅದು ನಿನ್ನ ಕಿವಿಗೆ ಬೀಳಬಾರದೆಂದು ಇಟ್ಟುಬಿಡುತ್ತಿದ್ದೆ.

ನಮ್ಮ ಯಜಮಾನರಿಗೆ ಮರೆವು ಶುರುವಾಗಿದೆ ಎನ್ನುವಷ್ಟು ನಿನಗೆ ಗೊತ್ತು. ಈಗ ಅದು ಎಷ್ಟು ದೂರ ಬಂದಿದೆ ಎಂಬುದು ಗೊತ್ತಿಲ್ಲ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರಾಗಿ ಊರ ಮಕ್ಕಳನ್ನೆಲ್ಲ ಓಡಿಸಿದವರಿಗೆ ಬಚ್ಚಲು ಯಾವ ಕಡೆ ಎಂದು ನಾನು ತೋರಿಸಬೇಕು. ಆದರೆ ಚದುರಂಗ ಮಾತ್ರ ಮರೆತಿಲ್ಲ. ಡಾಕ್ಟರು ಕೂಡ ಬೆರಗಾದರು. ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ನಿಮ್ಮ ಟೈಲರ್ ಅಂಗಡಿಯಲ್ಲಿ ಇವರೂ ಸೋಮಯ್ಯಣ್ಣನೂ ಆಟಕ್ಕೆ ಕೂತರೆ, ಜನ ಬ್ಲೌಸು ಕೇಳಲು ಬಂದು ಹಾಗೇ ಹಿಂದಿರುಗುತ್ತಿದ್ದರಲ್ಲ, ಆ ಹೊತ್ತು ಇವರಲ್ಲಿ ಇನ್ನೂ ನಡೆಯುತ್ತಲೇ ಇದೆ. ಬಿಸಿಲು ಇಳಿಯಿತೆಂದರೆ ಹಲಗೆ ಹಾಸಿ, ಬಿಳಿ ಕಾಯಿ ತಮಗೆ, ಕಪ್ಪು ಕಾಯಿ ಎದುರಿಗೆ ಜೋಡಿಸಿ ಬಾಗಿಲು ನೋಡುತ್ತ ಕೂರುತ್ತಾರೆ.

ಮೊದಮೊದಲು ನಾನು ನಿಜ ಹೇಳಿದೆ. "ಸೋಮಯ್ಯಣ್ಣ ತೀರ್ಕೊಂಡ್ರಲ್ರೀ, ನೀವೇ ಹೆಗಲು ಕೊಟ್ರಿ" ಅಂದೆ. ತಾಯಮ್ಮ, ಆವತ್ತು ಅವರು ಎದೆ ಹೊಡೆದುಕೊಂಡು ಅತ್ತದ್ದು ನಿಮ್ಮ ಅಂಗಳದಲ್ಲಿ ಅತ್ತದ್ದಕ್ಕಿಂತ ಹೆಚ್ಚು. ಮಾರನೆಯ ದಿನ ಮರೆತು ಮತ್ತೆ ಕೇಳಿದರು. ಮತ್ತೆ ಹೇಳಿದೆ. ಮತ್ತೆ ಹೊಸದಾಗಿ ಅತ್ತರು. ಮುಂದೆ ನನ್ನ ಬಾಯಿಗೆ ಆ ಶಕ್ತಿ ಉಳಿಯಲಿಲ್ಲ. "ಬರ್ತಾರೆ, ಕೂತಿರಿ" ಎಂದು ತಳ್ಳಿದೆ. ಒಂದು ಸಂಜೆ ನಾನು ಹಸುವಿಗೆ ನೀರಿಡುತ್ತಿರುವಾಗ ಇವರೇ ಹುಡುಕಿಕೊಂಡು ಹೊರಟುಬಿಟ್ಟಿದ್ದರು. ನಿಮ್ಮ ಅಂಗಡಿ ಈಗ ಮೊಬೈಲ್ ರಿಪೇರಿ ಅಂಗಡಿ. ಅದನ್ನು ನಡೆಸುವ ಲೋಕೇಶ್ ಕೈಹಿಡಿದು ಕರೆತಂದ. "ಅಮ್ಮ, ಮೇಷ್ಟ್ರು ಒಳಗ್ ನುಗ್ಗಿ ಹೊಲ್ಗೆ ಮಿಷನ್ನ ಎಲ್ಲಿ ಹಾಕುದ್ರಿ ಅಂತ ಜಗಳಕ್ಕೆ ನಿಂತ್ಬುಟ್ರು. ಆಚೆ ಲಾರಿ ಓಡಾಡ್ತವೆ, ಒಬ್ರುನ್ನೇ ಬುಡಬ್ಯಾಡಿ" ಎಂದು ಹೇಳಿಹೋದ.

ಮಾರನೆಯ ದಿನ ನಾನೇ ಹೋಗಿ ಕಪ್ಪು ಕಾಯಿಗಳ ಮುಂದೆ ಕೂತೆ.

ಅವರು ನನ್ನನ್ನು ನೋಡಲೇ ಇಲ್ಲ, ಹಲಗೆ ನೋಡುತ್ತ "ಬಂದ್ಯೇನ್ಲಾ ಸೋಮ, ಕುಂತ್ಕೊ" ಅಂದರು. ಕುದುರೆ ಹೇಗೆ ಹಾರುತ್ತದೆ, ಆನೆ ಹೇಗೆ ನೆಟ್ಟಗೆ ಹೋಗುತ್ತದೆ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ರಜೆಯ ದಿನ ಇಬ್ಬರೂ ನಮ್ಮ ಮನೆಯಲ್ಲಿ ಆಡುವಾಗ ಕಾಫಿ ಕೊಡುತ್ತ ನಿಂತು ನೋಡಿದ್ದೆನಲ್ಲ. ಸ್ವಲ್ಪ ಹೊತ್ತಿಗೆ ನನ್ನ ಮಂತ್ರಿ ಹೋಯಿತು, ಹಿಂದೆಯೇ ಒಂಟೆ ಹೋಯಿತು. ಇವರು ತಲೆಯೆತ್ತಿ ನನ್ನ ಮುಖ ನೋಡಿದರು. ಕಳ್ಳನನ್ನು ನೋಡುವ ಹಾಗೆ. "ಯಾವನ್ಲಾ ನೀನು? ನಮ್ ಸೋಮ ಇಂಗ್ ಆಡಕಿಲ್ಲ. ಸೋಮನ್ ಜಾಗ್ದಾಗೆ ಯಾಕ್ಲಾ ಕುಂತಿದ್ದೀಯೆ?" ಎಂದು ಹಲಗೆಯನ್ನೇ ಎತ್ತಿ ಎಸೆದರು. ಮತ್ತೆ ಸೋಮನನ್ನು ಹುಡುಕಿ ಹೊರಡಲು ಚಪ್ಪಲಿ ಹುಡುಕತೊಡಗಿದರು.

ಅಲ್ಲಿಂದ ನಾನು ಚದುರಂಗ ಕಲಿಯಲೇಬೇಕಾಯಿತು. ನಗಬೇಡ. ರಂಜಿತ ಕೆ.ಆರ್. ಪೇಟೆಯ ಲ್ಯಾಬಿನ ಕೆಲಸ ಮುಗಿಸಿ ಬಸ್ಸಿಳಿದು ಬರುವಷ್ಟರಲ್ಲಿ ನಾನು ಫೋನಿನಲ್ಲಿ ಯಾರೋ ಆಡಿದ ಆಟದ ವಿಡಿಯೋ ಹಾಕಿಕೊಂಡು ಕೂತಿರುತ್ತಿದ್ದೆ. ಒಂದೂ ತಲೆಗೆ ಹತ್ತುತ್ತಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಅಪ್ಪನ ಜೊತೆ ಆಡಿ ಕಲಿತವಳು. "ಅಮ್ಮ, ಇವೆಲ್ಲ ಆಮೇಲೆ. ನೀನು ಮೊದ್ಲು ಕಾಯಿನ ಸುಮ್ಸುಮ್ನೆ ಬಿಟ್ಕೊಡೋದು ನಿಲ್ಸು. ಟ್ಯಾಕ್ಟಿಕ್ಸ್ ಮಾಡು" ಎಂದು ಒಗಟುಗಳಿರುವ ಒಂದು ಆಟವನ್ನು ಫೋನಿಗೆ ಹಾಕಿಕೊಟ್ಟಳು. ಆಟದ ನಡುವಿನ ಒಂದು ಚಿತ್ರ ತೋರಿಸುತ್ತದೆ, ಗೆಲ್ಲುವ ದಾರಿ ನಾವು ಹುಡುಕಬೇಕು. ಸಿಗದಿದ್ದರೆ ಅದನ್ನೇ ಮತ್ತೆ ಮತ್ತೆ ಮಾಡಬೇಕು, ಕಣ್ಣಿಗೆ ಕೂರುವವರೆಗೆ.

ಮುದ್ದೆಗೆ ಎಸರಿಟ್ಟು ಮಾಡಿದೆ. ಡೇರಿಯಲ್ಲಿ ಹಾಲಿನ ಸರತಿಯಲ್ಲಿ ನಿಂತು ಮಾಡಿದೆ. ಅಮಾವಾಸ್ಯೆಗೆ ನಿಮಿಷಾಂಬೆಯ ದರ್ಶನಕ್ಕೆಂದು ಹೊರಟು, ಶ್ರೀರಂಗಪಟ್ಟಣದಲ್ಲಿ ಇಳಿಯುವುದನ್ನೇ ಮರೆತು ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ನಡೆದೆ. ಒಂದೇ ಕುದುರೆ ಎರಡು ಕಾಯಿಗಳ ಮೇಲೆ ಒಟ್ಟಿಗೆ ಬೀಳುವುದನ್ನು ಕಂಡುಕೊಂಡೆ. ರಾಜ ಹಿಂದಿದ್ದಾನೆಂದು ಅಲುಗಾಡಲಾರದೆ ನಿಂತ ಒಂಟೆಯನ್ನು ಗುರುತು ಹಿಡಿದೆ. ಇನ್ನೊಂದು ಬಗೆ ಇದೆ, ಮುಂದಿನ ಕಾಯಿ ಪಕ್ಕಕ್ಕೆ ಸರಿದರೆ ಇಷ್ಟು ಹೊತ್ತೂ ಹಿಂದೆ ಸುಮ್ಮನೆ ನಿಂತಿದ್ದದ್ದು ಹೊಡೆಯುತ್ತದೆ. ಅದು ನನಗೆ ಬಹಳ ಕಾಲ ಕಾಣಿಸುತ್ತಿರಲಿಲ್ಲ. ರಂಜಿತ "ನಿನ್ ಕಾಯಿ ನೋಡ್ಬೇಡಮ್ಮ, ಅವ್ರ ಕಡೆ ಯಾವ್ದಕ್ಕೆ ಕಾವಲಿಲ್ಲ ನೋಡು" ಅಂದ ಮೇಲೆ ಒಂದೊಂದಾಗಿ ಕಂಡವು.

ಸಂಜೆ ಇವರೆದುರು ಹೋಗಿ ಕೂರುವುದನ್ನು ಮಾತ್ರ ಬಿಡಲಿಲ್ಲ, ಬರಬರುತ್ತ ಇವರು ಬೈಯುವುದು ಕಡಿಮೆಯಾಯಿತು. "ಪರ್ವಾಗಿಲ್ಲ ಕಣ್ಲಾ, ಜ್ವರ ಬಿಡ್ತಾ?" ಅಂದರು ಒಂದು ದಿನ, ಸೋಮ ಇಷ್ಟು ದಿನ ಸೋತದ್ದು ಜ್ವರದಿಂದ ಎಂದುಕೊಂಡು. ನಾನು ಏನೂ ಮಾತಾಡುವುದಿಲ್ಲ. ಹೂಂ ಅನ್ನುತ್ತೇನೆ ಅಷ್ಟೆ. ದನಿ ಕೇಳಿದರೆ ಗುಟ್ಟು ಬಯಲಾಗುತ್ತದೆಂದು ಭಯ. ನಡುವೆ ಅಡುಗೆಮನೆ ಕಡೆ ತಿರುಗಿ "ದ್ಯಾವಿ, ಸೋಮಂಗೆ ಕಾಫಿ ತಾ, ಸಕ್ರೆ ಹಾಕ್ಬ್ಯಾಡ" ಎಂದು ಕೂಗುತ್ತಾರೆ. ನಾನೇ ಎದ್ದು ಹೋಗಿ, ಕಾಫಿ ಕಾಯಿಸಿ, ತಂದಿಟ್ಟು, ಮತ್ತೆ ಕೂತು ಆ ಕಹಿಯನ್ನು ಕುಡಿಯುತ್ತೇನೆ. ಎದ್ದು ಹೋದವಳೂ ಬಂದು ಕೂತವನೂ ಒಬ್ಬರೇ ಎಂದು ಅವರಿಗೆ ಅನ್ನಿಸುವುದೇ ಇಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನನ್ನ ಆನೆಯನ್ನು ಅವರ ರಾಜನ ಪಕ್ಕಕ್ಕೇ ಒಯ್ದು ಚೆಕ್ ಕೊಟ್ಟೆ. ರಾಜ ಅದನ್ನು ಹೊಡೆಯದೆ ಬೇರೆ ದಾರಿಯಿರಲಿಲ್ಲ. ಹೊಡೆದರು. ಆಗ ಕುದುರೆ ಹಾರಿಸಿದೆ. ರಾಜನಿಗೆ ಚೆಕ್, ಅದೇ ಕುದುರೆಯ ಬಾಯಿಗೆ ಮಂತ್ರಿ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ತೊಡೆ ತಟ್ಟಿ ನಕ್ಕರು ನೋಡು, ಆ ನಗುವನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ. "ಅಂಗೆ ಮತ್ತೆ! ಈಗ ಬಂದೆ ನೋಡ್ಲಾ ನನ್ ಸೋಮ! ಎಲ್ಲೋಗಿದ್ದೆ ಇಷ್ಟ್ ದಿನ?" ಆವತ್ತಿನಿಂದ ಅವರು ಚಪ್ಪಲಿ ಹುಡುಕಿಲ್ಲ. ಹೊಟ್ಟೆ ತುಂಬ ಉಣ್ಣುತ್ತಾರೆ, ನಿದ್ದೆ ಮಾಡುತ್ತಾರೆ.

ಗೆದ್ದೆನೆಂದು ನನಗೂ ಹಿಗ್ಗಾಯಿತು. ಆದರೆ ಬಾಗಿಲಲ್ಲಿ ನಿಂತಿದ್ದ ರಂಜಿತಳ ಮುಖ ಸಪ್ಪಗಿತ್ತು. ಒಳಗೆ ಬಂದ ಮೇಲೆ ಕೇಳಿದಳು, "ಅಮ್ಮ, ಯೋಚ್ನೆ ಮಾಡುವಾಗ ಕಿವಿ ಹಿಂದೆ ಕೈ ಯಾಕೆ ಹಾಕ್ತೀಯ?" ನನಗೆ ಗೊತ್ತೇ ಇರಲಿಲ್ಲ ತಾಯಮ್ಮ. ಬಟ್ಟೆಗೆ ಗುರುತು ಹಾಕುವ ಪೆನ್ಸಿಲನ್ನು ಸೋಮಯ್ಯಣ್ಣ ಕಿವಿಗೆ ಸಿಕ್ಕಿಸಿಕೊಂಡು, ಕಾಯಿ ನಡೆಸುವ ಮುಂಚೆ ಮುಟ್ಟಿ ನೋಡಿಕೊಳ್ಳುತ್ತಿದ್ದರಲ್ಲ. ಅದನ್ನು ನಾನು ಎಂದೂ ಬೇಕೆಂದು ಮಾಡಿದವಳಲ್ಲ. ಈಗ ಹೊಲದ ಕಡೆ ಒಬ್ಬಳೇ ನಡೆಯುವಾಗಲೂ ಕೈ ಕಿವಿಯ ಹತ್ತಿರ ಹೋಗುತ್ತದೆ. ಅಲ್ಲಿ ಏನೂ ಸಿಗದಿದ್ದರೆ ಏನನ್ನೋ ಕಳೆದುಕೊಂಡ ಹಾಗಾಗುತ್ತದೆ. ನನ್ನೊಳಗೆ ಬೇರೆ ಯಾರೋ ಕೂತು ಮುಂದಿನ ನಡೆ ನೋಡುತ್ತಿದ್ದಾರೆ ಅನ್ನಿಸುತ್ತದೆ.

ನಿನ್ನ ಗಂಡನ ಜಾಗದಲ್ಲಿ ನಿನ್ನನ್ನು ಕೇಳದೆ ಕೂತಿದ್ದೇನೆ. ನಿನಗೆ ನೋವಾದರೆ ಹೇಳಿಬಿಡು. ಒಮ್ಮೆ ಬಂದು ಹೋಗುತ್ತೇನೆ ಎಂದು ರಂಜಿತಳಿಗೆ ಹೇಳಿದೆಯಂತೆ. ಬಾ. ಅವರು ಸೋಮಯ್ಯಣ್ಣನ ಜೊತೆ ಮಾತಾಡುವುದನ್ನು ನೀನು ಬಾಗಿಲ ಮರೆಯಲ್ಲಿ ಕೂತು ಕೇಳಬಹುದು. ಎಷ್ಟೋ ಹಳೆಯ ಮಾತುಗಳು ಬರುತ್ತವೆ. ಹೆಣ್ಣು ನೋಡಲು ನಿನ್ನ ತವರಿಗೆ ಬಂದಿದ್ದ ದಿನ ಸೋಮಯ್ಯಣ್ಣ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರಂತೆ, ಟೈಲರ್ ಆಗಿ! ಅದನ್ನು ಹೇಳಿ ಇವರು ನಗುತ್ತಲೇ ಇದ್ದರು.

ಸಹನಳಿಗೂ ಮಗುವಿಗೂ ನನ್ನ ಆಶೀರ್ವಾದ. ಮಗುವಿನ ಮಂಡಿಗೆ ಹರಳೆಣ್ಣೆ ತಿಕ್ಕುತ್ತಿರು. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ಇಂತಿ ನಿನ್ನ
ದ್ಯಾವಮ್ಮ

ಕಾಗದ ಮಡಿಸಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ರಂಜಿತಳಿಗೆ ಹೇಳಿಲ್ಲ. ಈಚೆಗೆ ಇವರು ಕಾಫಿಗೆ ಕೂಗುವುದನ್ನು ಬಿಟ್ಟಿದ್ದರು. ನಾನೇ ತಂದಿಟ್ಟರೂ ಯಾರು ತಂದರೆಂದು ನೋಡುತ್ತಿರಲಿಲ್ಲ. ಮೊನ್ನೆ ಆಟದ ನಡುವೆ ಕೈ ತಡೆದು, ತಗ್ಗಿದ ದನಿಯಲ್ಲಿ ಅಂದರು: "ಸೋಮ, ನಮ್ ದ್ಯಾವಿ ಹೋಗ್ಬುಟ್ಲು ಕಣ್ಲಾ. ಮಣ್ ಮಾಡಿ ಬಂದ್ವಲ್ಲ, ನೀನೂ ಇದ್ದೆ. ಬದ್ಕಿದ್ದಾಗ ಒಂದಿನಾನೂ ಪಕ್ಕದಾಗೆ ಕುಂಡ್ರುಸ್ಕೊಂಡು ಮಾತಾಡುಸ್ನಿಲ್ಲ ಕಣ್ಲಾ ಅವ್ಳ. ಒಳ್ಳೇವ್ಳು." ಅಷ್ಟು ಹೇಳಿ ಮಗುವಿನ ಹಾಗೆ ಅಳತೊಡಗಿದರು. ನಾನು ಇಲ್ಲೇ ಇದ್ದೇನೆ ಎನ್ನಲು ಬಾಯಿ ತೆರೆದೆ. ಹಾಗೆಂದರೆ ಸೋಮ ಹೋಗಿಬಿಡುತ್ತಾನೆ, ಎದುರಿಗೆ ಉಳಿಯುವವಳು ಅವರಿಗೆ ಯಾರೂ ಅಲ್ಲ. ಅವರ ಭುಜ ಹಿಡಿದು, "ಅಳ್ಬ್ಯಾಡ ಕಣ್ಲಾ, ಮರಿಸ್ವಾಮಿ" ಅಂದೆ. ಮದುವೆಯಾದಂದಿನಿಂದ ನಾನು ಅವರನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವರು ಕಣ್ಣೊರೆಸಿಕೊಂಡು, "ಆಡ್ಲಾ, ನಿಂದೇ ಸರದಿ" ಅಂದರು.