ಸೇಬಿನ ಹಾರದ ಕಂಬ

ಬಸವೇಶ್ವರನಗರ
31-3-2006

ಸೋಮಲಿಂಗಪ್ಪ ಸಾರ್‌ಗೆ ನಮಸ್ಕಾರ.

ನಾಲ್ಕು ಗಂಟೆಗೆ ಏನೋ ನರಳಿದ ಸದ್ದಾಗಿ ಎಚ್ಚರವಾಯಿತು. ಪಾಪು ಅಂದುಕೊಂಡೆ, ಅದು ನಿದ್ದೆಯಲ್ಲಿತ್ತು. ಕಿಟಕಿಯಿಂದ ನೋಡಿದರೆ, ಎದುರಿನ ಕಾಲೇಜ್ ಗ್ರೌಂಡಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬ ಮುಂದಕ್ಕೆ ವಾಲಿತ್ತು.

ಇವತ್ತಿನ ನಿಮ್ಮ ನಿವೃತ್ತಿ ಬೀಳ್ಕೊಡುಗೆಗೆ ಹಳೇ ಹುಡುಗರು ಇನ್ನೂರು ಕೆಜಿ ಸೇಬಿನ ಹಾರ ತಂದು ನಿನ್ನೆ ಸಂಜೆಯೇ ಅದಕ್ಕೆ ನೇತುಹಾಕಿದ್ದಾರೆ. ಇಪ್ಪತ್ತೆಂಟು ವರ್ಷದ ಹಿಂದೆ ನೀವೇ ನಿಂತು ನೆಡಿಸಿದ ಕಂಬವಂತೆ, ಅದೇ ಆಗಬೇಕಂತೆ. ಬುಡ ತುಕ್ಕು ಹಿಡಿದಿದೆ ಅಂದೆ. ನಮ್ಮನೆಯವರು ಗಿರಿರಾಜ್, ನಿಮ್ಮ ತೊಂಬತ್ತೆಂಟರ ಟೀಮಿನ ಕ್ಯಾಪ್ಟನ್, ನಕ್ಕುಬಿಟ್ಟರು: "ಅದು ನಮ್ ಸಾರ್ ಥರ ಕಣೇ, ಅಲ್ಲಾಡಲ್ಲ."

ಹಾರ ಕಾಯೋಕೆ ಅಂತ ಇವರೂ ಸೇರಿ ಐದು ಜನ ಅದರ ಕೆಳಗೇ ಮಲಗಿದ್ದಾರೆ. ಈಗಷ್ಟೇ ಹೋಗಿ ಎಬ್ಬಿಸಿದೆ. "ನಿಂಗೆ ಎಲ್ಲಕ್ಕೂ ಭಯ, ಹೋಗಿ ಮಲಕ್ಕೋ" ಅಂದು ಇವರು ಮಗ್ಗುಲು ಬದಲಿಸಿದರು.

ನಿಮ್ಮ ನಂಬರ್ ನನ್ನ ಹತ್ತಿರ ಇಲ್ಲ. ವಾಚ್‌ಮನ್ ಅಮೀನಪ್ಪನ ಕೈಲಿ ಈ ಚೀಟಿ ಕಳಿಸ್ತಿದ್ದೀನಿ. ಇವರ ಮೊಬೈಲ್ ನಂಬರ್ ಹಿಂದುಗಡೆ ಬರೆದಿದ್ದೀನಿ. ನೀವು ಏಳಿ ಅಂದರೆ ಎಲ್ಲರೂ ಏಳ್ತಾರೆ.

ಈಗ ಮತ್ತೆ ಸದ್ದಾಯಿತು. ಬೆಳಗಾಗೋತನಕ ಕಾಯಬೇಡಿ ಸಾರ್, ಈಗಲೇ ಫೋನ್ ಮಾಡಿ.

ಗಿರಿರಾಜ್ ಹೆಂಡತಿ,
ವಿಜಯಶ್ರೀ