ಆ ನಲವತ್ತು ಸಸಿ ಲಾರಿಗೆ ಹೇರಬೇಡ

ಅಜ್ಮತ್ ಭಾಯ್,

ಫರ್ಹಾ ಆಪಾಗೆ ಇನ್ನು ಹಿಂದಕ್ಕೆ ಸರಿಯಲು ಜಾಗವಿರಲಿಲ್ಲ. ಸಮುದ್ರ ಒಳಗೆ ಬಂದಾಗಲೆಲ್ಲ ಹೆಂಚು ಬಿಚ್ಚಿ ಮನೆಯನ್ನು ಹಿಂದೆ ಕಟ್ಟಿಕೊಂಡರು, ಎರಡು ಸಲ. ಈ ಸಲ ಹಿಂದೆ ಇದ್ದದ್ದು ಹೊಳೆ.

ನೀನು ಗ್ಯಾರೇಜಿಗೆ ಹೋದ ಮೇಲೆ ಉಳ್ಳಾಲದಿಂದ ಮೊಯ್ದು ಭಾವ ಫೋನ್ ಮಾಡಿದ್ದರು. ನಿನ್ನೆಯ ಗಾಳಿಮಳೆಗೆ ಮನೆ ಹೋಯಿತು. ಎಲ್ಲರೂ ಶಾಲೆಯಲ್ಲಿದ್ದಾರೆ, ಜೀವಕ್ಕೆ ಏನೂ ಆಗಿಲ್ಲ. ನಾನು ಹಾಸನದ ಬಸ್ಸು ಹಿಡಿದು ಅಲ್ಲಿಗೆ ಹೊರಟೆ.

ಹಿತ್ತಲಿನ ತೆಂಗಿನ ಸಸಿಗಳನ್ನು ನಾಳೆ ಅವರಿಗೆ ಕಳಿಸಬೇಡ. "ತೆಂಗು ಒಂದ್ಸಲ ಬೇರು ಬುಡ್ತು ಅಂದ್ರೆ ಸಮುದ್ರ ಏನ್ ಕಿತ್ಕೊಂಡೀತು ಬುಡಪ್ಪ" ಎಂದು ಹೋದ ವಾರ ಭಾವನಿಗೆ ಹೇಳಿದೆಯಲ್ಲ. ಇವತ್ತು ಅವರು ನನಗೆ ಹೇಳಿದರು: "ನೆಡ್ಲಿಕ್ಕೆ ಜಾಗ ಎಲ್ಲುಂಟು ಅಂತ ನಿನ್ನ ಅಣ್ಣನ ಹತ್ರ ಕೇಳು ಮಾರಾಯ."

ನೀನು ಆರು ತಿಂಗಳು ನೀರು ಹೊತ್ತದ್ದನ್ನು ನೋಡಿದ್ದೇನೆ. ಆದರೂ ಶೆಟ್ಟಿಕೆರೆಯ ಶಂಭುಲಿಂಗಯ್ಯನವರಿಗೆ ಕೊಟ್ಟುಬಿಡು.

ಅಮ್ಮಿಗೆ ಬಿ.ಪಿ. ಮಾತ್ರೆ ಕೊಟ್ಟ ಮೇಲೆ ವಿಷಯ ಹೇಳು. ಬಿಲಾಲ್ ಆಪಾಳನ್ನು ಕರೆತರುತ್ತಾನೆ ಎಂದು ಮಾತ್ರ ಹೇಳಬೇಡ. ಭಾವನ ದೋಣಿ ಅಲ್ಲಿದೆ, ಅವಳು ಬರುವುದಿಲ್ಲ. ಅಲ್ಲೇ ಎಲ್ಲೋ ಮತ್ತೆ ಕಟ್ಟುತ್ತಾರೆ, ಅದೂ ಹೋಗುತ್ತದೆ.

ಹೋದದ್ದು ಎಷ್ಟು ಎಂದು ನೀನು ಕೇಳಿಯೇ ಕೇಳುತ್ತೀಯ. ಮನೆ ಒಂದು, ಬಾವಿ ಒಂದು, ಕಾಯಿ ಬಿಡುತ್ತಿದ್ದ ತೆಂಗಿನಮರ ಹದಿನೇಳು.

ಬಿಲಾಲ್