ಚೌಕದಲ್ಲಿ ಎರಡು ಹೋಳು

ಪ್ವೆರ್ತೊ ಮದ್ರಿನ್, ಗುರುವಾರ ಬೆಳಗ್ಗೆ

ಡೆಲ್ಮಿರಾ ಅಕ್ಕನಿಗೆ ತಂಗಿಯ ಅಪ್ಪುಗೆ.

ನಮ್ಮೂರು ತಾಂದಿಲ್‌ನಿಂದ ತಂದ ಹನ್ನೆರಡು ಟನ್ ಕಲ್ಲನ್ನು ಇಲ್ಲಿಯ ಚೌಕದಲ್ಲಿ ಶಿಲ್ಪವಾಗಿ ನಿಲ್ಲಿಸುವ ಮುನ್ನ, ಸೋಮವಾರ ಸುತ್ತಿಗೆಯಿಂದ ತಟ್ಟಿ ನೋಡಿದೆ. ಗಂಟೆಯಂತೆ ಮೊಳಗಬೇಕಾದದ್ದು ಒಡೆದ ಮಡಕೆಯಂತೆ ಸದ್ದು ಮಾಡಿತು. ಒಳಗೆ ಬಿರುಕು. ನಲವತ್ತು ವರ್ಷಗಳಲ್ಲಿ ಹದಿನೇಳು ಊರುಗಳಲ್ಲಿ ಕಲ್ಲು ನಿಲ್ಲಿಸಿದ್ದೇನೆ, ಹೀಗೆಂದೂ ಆಗಿರಲಿಲ್ಲ.

"ಹೊರಗೇನೂ ಕಾಣ್ತಿಲ್ವಲ್ಲಮ್ಮ, ಎತ್ತಿ ನಿಲ್ಲಿಸಿಬಿಡ್ಲಾ?" ಎಂದ ಕ್ರೇನಿನ ಅನ್ಸೆಲ್ಮೊ.

"ಬೇಡಪ್ಪ, ಇದರ ಕೆಳಗೆ ಜನ ಕೂರ್ತಾರೆ" ಎಂದೆ.

ಬಿರುಕಿನ ಗುಂಟ ನಾನೇ ಬೆಣೆ ಹೊಡೆದು ಕಲ್ಲನ್ನು ಸೀಳಿದೆ. ಈಗ ಎರಡು ಹೋಳುಗಳು ಎದುರುಬದುರು ನಿಂತಿವೆ, ನಡುವೆ ಒಬ್ಬರು ನಡೆಯುವಷ್ಟು ಜಾಗ. ನಗರಸಭೆಯ ಜೊತೆಗಿನ ಒಪ್ಪಂದದಲ್ಲಿರುವುದು ಒಂದೇ ಕಲ್ಲು. ಮೇಯರ್‌ಗೆ ಇನ್ನೂ ತಿಳಿಸಿಲ್ಲ, ಊಟ ಸೇರುತ್ತಿಲ್ಲ. ಬಲ ಮಣಿಕಟ್ಟು ಊದಿದೆ, ಅಕ್ಷರ ಸೊಟ್ಟಗಾದದ್ದು ಅದಕ್ಕೇ, ಗಾಬರಿಯಾಗಬೇಡ.

ಈಗಷ್ಟೇ ಬ್ರೆಡ್ಡಿನ ಚೀಲ ಹಿಡಿದ ಮುದುಕಿಯೊಬ್ಬಳು ಆ ಸಂದಿಯಲ್ಲಿ ನಡೆದು ಬಂದಳು. "ಇದೇನು ಅಂತ ನಂಗಂತೂ ಗೊತ್ತಾಗ್ಲಿಲ್ಲ ಕಣೇ, ಆದ್ರೆ ದಾರಿ ಬಿಟ್ಟಿದ್ದು ಒಳ್ಳೇದಾಯ್ತು" ಎಂದಳು.

ಅಗೋ, ಮೇಯರ್ ಕಾರು ಬಂತು. ಮಾತಿಗೆ ಮೊದಲು ಅವರನ್ನೂ ಆ ಸಂದಿಯಲ್ಲೇ ಒಮ್ಮೆ ನಡೆಸುತ್ತೇನೆ.

ನಿನ್ನ ಎರ್ಸಿಲಿಯಾ